ಹೆತ್ತೂರಿನ ಕಂಪ್ಯೂಟರು ಆಫ್ ಆಗುವ ಮುಂಚೆ

೧

ಇದನ್ನು ಯಾವ ತುದಿಯಿಂದ ಹಿಡಿಯಬೇಕೋ ತಿಳಿಯುತ್ತಿಲ್ಲ. ಕಥೆ ಇರುವುದು ಒಂದು ಕಂಪ್ಯೂಟರು ಆಫ್ ಆಗುವುದರ ಬಗ್ಗೆ. ಆಫ್ ಆಗುವುದು ಯಾವಾಗಲೂ ಕೊನೆಯಲ್ಲಿ. ಅಂದರೆ ಮೊದಲ ಸಾಲಿನಲ್ಲೇ ಕೊನೆ ಬಂದು ಕೂತುಬಿಡುತ್ತದೆ, ಆಮೇಲೆ ನಿಮ್ಮನ್ನು ಇಷ್ಟು ಹೊತ್ತು ಕೂರಿಸಿಕೊಂಡು ನಾನೇನು ಮಾಡಲಿ?

ಮೊದಲ ಪ್ರಯತ್ನ ಹೀಗಿತ್ತು: ‘೨೦೦೩ನೇ ಇಸವಿ ಜನವರಿ ತಿಂಗಳ ಒಂದು ಸಂಜೆ ಐದೂವರೆ ಗಂಟೆಗೆ, ಹೆತ್ತೂರಿನ ಬೆಳೆಗಾರರ ಸಂಘದ ಆಫೀಸಿನಲ್ಲಿ, ಗಂಗಾಮಣಿ ಶಟ್‌ಡೌನ್ ಒತ್ತಿದಳು.’ ಓದಿ ನೋಡಿದೆ. ಪೊಲೀಸರ ಪಂಚನಾಮೆಯ ಹಾಗಿತ್ತು. ಅಳಿಸಿದೆ.

ಎರಡನೆಯದು: ‘ಮಂಜು ಗುಡ್ಡದ ತಲೆ ಸವರುತ್ತಿತ್ತು...’ ಇದನ್ನು ಬರೆದ ಕೈಗೆ ನಾನೇ ಒಂದು ಏಟು ಕೊಟ್ಟುಕೊಂಡೆ. ನಮ್ಮ ಸೀಮೆಯ ಬಗ್ಗೆ ಬರೆಯುವವರೆಲ್ಲ ಮಂಜಿನಿಂದಲೇ ಶುರು ಮಾಡುತ್ತಾರೆ, ಮಂಜು ಕಳೆಯುವಷ್ಟರಲ್ಲಿ ಕಥೆಯೂ ಮುಗಿದಿರುತ್ತದೆ.

ಮೂರನೆಯದಕ್ಕೆ ಕೈ ಹಾಕುವಷ್ಟರಲ್ಲಿ ಗಂಗಾಮಣಿ ಅಡ್ಡ ಬಂದರು.

‘ಮೊದ್ಲನೇದ್ರಲ್ಲಿ ನನ್ನ ಏನಂತ ಬರ್ದಿದ್ರಿ? ಒತ್ತಿದಳು ಅಂತ್ಲಾ? ನಲವತ್ತಾರು ವರ್ಷ ಆಯ್ತು ಮಾರಾಯ್ರೇ ನಂಗೆ. ಸಂಘದ ಅಧ್ಯಕ್ಷರೇ ಬನ್ನಿ ಹೋಗಿ ಅಂತಾರೆ.’

(ತಪ್ಪಾಯಿತು. ಕನ್ನಡ ಕಥೆಗಳಲ್ಲಿ ಹೆಂಗಸರಿಗೆ ಮರ್ಯಾದೆ ಸಿಗಬೇಕಾದರೆ ಕನಿಷ್ಠ ಒಂದು ಮೊಮ್ಮಗುವಾದರೂ ಆಗಿರಬೇಕು ಎಂಬ ರೂಢಿ ಇದೆ. ನಾನು ಅದನ್ನು ಇವತ್ತಿಗೆ ಬಿಟ್ಟೆ.)

ಗಂಗಾಮಣಿ ಶಟ್‌ಡೌನ್ ಒತ್ತಿದರು. ಆಯಿತಲ್ಲ? ಇಲ್ಲಿಂದಲೇ ಶುರು.

೨

ಒತ್ತಿದ ಮೇಲೆ ಏನಾಯಿತು ಎನ್ನುವುದಕ್ಕೆ ಮುಂಚೆ, ನೀವು ಹಾಸನದಿಂದ ಆಚೆಯವರಾಗಿದ್ದರೆ, ಒಂದು ವಿಷಯ ಹೇಳಬೇಕು.

ನಮ್ಮ ಕಡೆ ಮಾರ್ಚ್ ಬಂತೆಂದರೆ ಎದುರು ಸಿಕ್ಕವರು ‘ಊಟ ಆಯ್ತಾ’ ಎಂದು ಕೇಳುವುದಿಲ್ಲ. ‘ಎಷ್ಟು ಸೆಂಟು?’ ಎಂದು ಕೇಳುತ್ತಾರೆ. ಮಳೆಯ ಲೆಕ್ಕ ಅದು. ನೂರು ಸೆಂಟಿಗೆ ಒಂದು ಇಂಚು. ಆ ಹೊತ್ತಿನಲ್ಲಿ ಒಂದು ಇಂಚು ಒಟ್ಟಿಗೆ ಬಿದ್ದರೆ ಕಾಫಿ ಗಿಡ ಬೆಳ್ಳಗೆ ಹೂ ಬಿಡುತ್ತದೆ, ಅದಕ್ಕೇ ಅದು ಹೂಮಳೆ. ಇಪ್ಪತ್ತು ಸೆಂಟು ಬಿದ್ದು ಕೈಕೊಟ್ಟರೆ ಮೊಗ್ಗೆಲ್ಲ ಹಾಳು. ಹಾಗಾಗಿ ಪ್ರತಿ ಎಸ್ಟೇಟಿನಲ್ಲೂ ಅಂಗಳದಲ್ಲೊಂದು ಮಳೆಮಾಪಕ, ಬೆಳಿಗ್ಗೆ ಎಂಟು ಗಂಟೆಗೆ ಅದರ ಮುಂದೆ ಬಗ್ಗಿ ನಿಲ್ಲುವ ಒಬ್ಬ ಮನುಷ್ಯ. ಇವರೆಲ್ಲ ಸತ್ಯವಂತರೇ, ಆದರೆ ಸೆಂಟಿನ ವಿಷಯದಲ್ಲಿ ಮಾತ್ರ ಪಕ್ಕದ ತೋಟದವನಿಗಿಂತ ಹತ್ತು ಹೆಚ್ಚು ಹೇಳದಿದ್ದರೆ ತಿಂಡಿ ಇಳಿಯುವುದಿಲ್ಲ.

ಅದಕ್ಕಾಗಿಯೇ ಸಂಘದ ಆಫೀಸಿನ ಮುಂದೆ ಒಂದು ತಾಮ್ರದ ಮಳೆಮಾಪಕ ಇತ್ತು. ಅದು ಹೇಳಿದ್ದೇ ಕೊನೆ, ಅದರ ಮೇಲೆ ಅಪೀಲಿಲ್ಲ. ಅದರ ಲೆಕ್ಕ ೧೯೬೧ರ ಜನವರಿ ಒಂದರಿಂದ ಒಂದು ದಿನವೂ ತಪ್ಪದೆ ರಿಜಿಸ್ಟರಿನಲ್ಲಿ ಏರಿತ್ತು. ಒಂದು ದಿನವೂ! ನಲವತ್ತೆರಡು ವರ್ಷ! ಬೇರೆ ಹೋಬಳಿಯವರು ನಮ್ಮ ಮುಂದೆ ಏನಾದರೂ ಜಂಬ ಕೊಚ್ಚಿದರೆ ನಾವು ಆ ರಿಜಿಸ್ಟರುಗಳ ಸಾಲು ತೋರಿಸಿ ಸುಮ್ಮನಾಗುತ್ತಿದ್ದೆವು. ಹೇಳುವಾಗ ಈಗಲೂ ನನ್ನ ಎದೆ ಉಬ್ಬುತ್ತದೆ, ಅದರಲ್ಲಿ ಮುಚ್ಚುಮರೆ ಏನಿಲ್ಲ.

ಮೊದಲ ಮೂವತ್ತೈದು ವರ್ಷ ಅದನ್ನು ಬರೆದವರು ರೈಟರ್ ರಾಮಯ್ಯ. (ಎಸ್ಟೇಟು, ಸಂಘಗಳಲ್ಲಿ ಕಡತ ನೋಡಿಕೊಳ್ಳುವವರನ್ನು ನಮ್ಮಲ್ಲಿ ರೈಟರ್ ಎನ್ನುತ್ತಾರೆ. ಹನ್ನೊಂದು ಪುಸ್ತಕ ಬರೆದಿರುವ ನನ್ನನ್ನು ಇದುವರೆಗೆ ಯಾರೂ ಹಾಗೆ ಕರೆದಿಲ್ಲ.) ಅವರು ನಿವೃತ್ತರಾದ ಮೇಲೆ ಆ ಕೆಲಸ ಗಂಗಾಮಣಿಯವರಿಗೆ ಬಂತು. ಏಳು ವರ್ಷ ಅವರೂ ಕೈಯಲ್ಲೇ ಬರೆದರು, ಅವರದೂ ಒಂದು ದಿನ ತಪ್ಪಿದ್ದಿಲ್ಲ.

೨ (ಮತ್ತೆ. ಹೇಳುವುದು ಮುಗಿದಿರಲಿಲ್ಲ.)

ಕಂಪ್ಯೂಟರು ಬಂದದ್ದು ೨೦೦೧ರಲ್ಲಿ. ಬಂದ ವರ್ಷ ಅದರ ಕೆಲಸ, ಆಯುಧಪೂಜೆಯ ದಿನ ಕುಂಕುಮ ಹಚ್ಚಿಸಿಕೊಂಡು ಕೂರುವುದು. ಉಳಿದ ದಿನ ಅದರ ಮೇಲೆ ಹೂವಿನ ಚಿತ್ತಾರದ ಬಟ್ಟೆ. ಅಧ್ಯಕ್ಷ ಶಾಂತಮಲ್ಲಪ್ಪನವರು ನೂರೈವತ್ತು ಎಕರೆ ತೋಟದ ಯಜಮಾನರು, ಎದುರಿಗೆ ಬಂದ ಜೀಪಿಗೂ ದಾರಿ ಬಿಡದವರು. ಆ ಬಟ್ಟೆ ಎತ್ತಲು ಮಾತ್ರ ಅವರಿಗೂ ಧೈರ್ಯವಿರಲಿಲ್ಲ.

ಗಂಗಾಮಣಿ ಎತ್ತಿದರು. ಪ್ರತಿ ಶನಿವಾರ ಮಧ್ಯಾಹ್ನದ ಬಸ್ಸು ಹತ್ತಿ ಸಕಲೇಶಪುರಕ್ಕೆ ಹೋಗಿ, ಅಲ್ಲಿ ನಿಖತ್ ಎಂಬ ಹುಡುಗಿ ನಡೆಸುತ್ತಿದ್ದ ಕಂಪ್ಯೂಟರ್ ಕ್ಲಾಸಿಗೆ ಸೇರಿದರು. ನಿಖತ್‌ಗೆ ಇಪ್ಪತ್ತಾರು, ವಿದ್ಯಾರ್ಥಿನಿಗೆ ನಲವತ್ತನಾಲ್ಕು. ಒಬ್ಬರು ‘ಅಕ್ಕಾ’ ಎನ್ನುತ್ತಿದ್ದರು, ಇನ್ನೊಬ್ಬರು ‘ಮೇಡಂ’ ಎನ್ನುತ್ತಿದ್ದರು. (ಆ ಬ್ಯಾಚಿನಲ್ಲಿ ನಾನೂ ಇದ್ದೆ. ಮೂರನೇ ವಾರಕ್ಕೆ ಬಿಟ್ಟೆ. ಕಾರಣ ಕೇಳಬೇಡಿ, ಇದು ನನ್ನ ಕಥೆಯಲ್ಲ.)

ಕೋರ್ಸು ಮುಗಿದಾಗ ನಿಖತ್ ಒಂದು ಹಳೆಯ ಕಂಪ್ಯೂಟರ್ ಪತ್ರಿಕೆ ಕೊಟ್ಟಳು. ಅದರ ಕೊನೆಯ ಪುಟದಲ್ಲಿ ಗಂಗಾಮಣಿಯವರ ಕಣ್ಣಿಗೆ ಬಿದ್ದದ್ದು ಇಷ್ಟು: ಕಂಪ್ಯೂಟರು ಶುರುವಾಗುವಾಗ ಮತ್ತು ಆಫ್ ಆಗುವಾಗ, ಯಾರೂ ಹೇಳದೆಯೇ ತಾನಾಗಿ ಕೆಲಸ ಮಾಡುವ ಹಾಗೆ ಅದಕ್ಕೆ ಮೊದಲೇ ಬರೆದಿಡಬಹುದು. ಸ್ಕ್ರಿಪ್ಟು ಎನ್ನುತ್ತಾರೆ. ಎಲ್ಲಿ ಒತ್ತಬೇಕು, ಯಾವ ಕಿಟಕಿ ತೆರೆದುಕೊಳ್ಳುತ್ತದೆ, ಅದರಲ್ಲಿ ‘ಶಟ್‌ಡೌನ್’ ಎಂದಿರುವ ಕಡೆ ಏನು ಸೇರಿಸಬೇಕು, ಎಲ್ಲ ಅದರಲ್ಲಿತ್ತು. ಅವರು ಹದಿನೈದು ದಿನ ಅದನ್ನೇ ಹಿಡಿದು ಕೂತರು.

ಕೊನೆಗೆ ಮಾಡಿದ್ದು ಇಷ್ಟು. ಬೆಳಿಗ್ಗೆ ಕಂಪ್ಯೂಟರು ಏಳುತ್ತಲೇ ‘ಇಂದು’ ಎಂಬ ಹೆಸರಿನ ಒಂದು ಖಾಲಿ ಹಾಳೆ ತಾನಾಗಿ ತಯಾರಾಗುತ್ತದೆ. ಗಂಗಾಮಣಿ ಆಫೀಸಿನ ಮಳೆಮಾಪಕದ ಲೆಕ್ಕವನ್ನೂ, ಇಪ್ಪತ್ತಾರು ಎಸ್ಟೇಟಿನವರು ಫೋನಿನಲ್ಲಿ ಹೇಳಿದ ಲೆಕ್ಕವನ್ನೂ ಅದರಲ್ಲಿ ಟೈಪ್ ಮಾಡುತ್ತಾರೆ. ಸಂಜೆ ಐದೂವರೆಗೆ ಶಟ್‌ಡೌನ್ ಒತ್ತಿ ಎದ್ದುಬಿಡುತ್ತಾರೆ. ಒತ್ತಿದ ಮೇಲೆ ಕಂಪ್ಯೂಟರು ತಾನೇ ‘ಇಂದು’ ಹಾಳೆಯನ್ನು ‘ವರ್ಷ’ ಎಂಬ ಕಡತದ ಕೊನೆಗೆ ಸೇರಿಸುತ್ತದೆ, ಒಂದು ಪ್ರತಿಯನ್ನು ಪ್ರಿಂಟರಿಗೆ ಕಳಿಸುತ್ತದೆ, ಆಮೇಲೆ ಕಣ್ಣು ಮುಚ್ಚುತ್ತದೆ. ನಮ್ಮ ಜನ ‘ಬರ್ತೀನಿ’ ಎಂದು ಎದ್ದ ಮೇಲೂ ಬಾಗಿಲ ಹತ್ತಿರ ನಿಂತು ಮುಖ್ಯವಾದ ಮಾತನ್ನೆಲ್ಲ ಆಡಿ ಹೋಗುತ್ತಾರಲ್ಲ, ಹಾಗೆ.

ಆ ಜನವರಿಯ ಸಂಜೆ ಮೊದಲ ಸಲ ಪ್ರಿಂಟರು ತನ್ನಷ್ಟಕ್ಕೆ ಕರ್‌ಕರ್ ಎಂದು ಶುರು ಮಾಡಿದಾಗ ಗಂಗಾಮಣಿ ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ಕುರ್ಚಿ ಖಾಲಿ. ಕೀಬೋರ್ಡಿನ ಮೇಲೆ ಯಾರ ಕೈಯೂ ಇಲ್ಲ. ಕಾಗದ ಮಾತ್ರ ಸಾಲು ಸಾಲಾಗಿ ಹೊರಗೆ ಬರುತ್ತಿದೆ. ತಾವು ಹೇಳಿಕೊಟ್ಟ ಮಾತನ್ನು ಒಂದು ಯಂತ್ರ ತಾವಿಲ್ಲದಾಗಲೂ ನಡೆಸುತ್ತಿದೆ ಎನ್ನುವ ಹೆಮ್ಮೆಯಲ್ಲಿ ಅವರು ಮತ್ತೆ ಒಳಗೆ ಬಂದರು. ಆ ಹಾಳೆಯನ್ನು ಹರಿದು ನೋಟಿಸ್ ಬೋರ್ಡಿಗೆ ಚುಚ್ಚಿ, ಬಸ್ಸಿನಲ್ಲಿ ಕಂಡಕ್ಟರಿಗೂ ಹೇಳಿದರು. ಕಂಡಕ್ಟರು ‘ಹೌದಾ’ ಎಂದು ಚೀಟಿ ಹರಿದ.

ಮಾರನೇ ವಾರ ಸಂಘದ ಸಭೆಯಲ್ಲಿ ‘ಇನ್ನು ಮೇಲೆ ಕೈಬರಹದ ರಿಜಿಸ್ಟರ್ ಬೇಡ’ ಎಂದರು. ಒಪ್ಪಿದರು. ರಿಜಿಸ್ಟರ್ ಬೀರು ಸೇರಿತು.

೪

(ಮೂರು ಎಲ್ಲಿ ಎಂದು ಹುಡುಕಬೇಡಿ. ಅದರಲ್ಲಿ ಗಂಗಾಮಣಿಯವರ ಬಾಲ್ಯ ಇತ್ತು, ಅವರೇ ಹರಿದು ಹಾಕಿಸಿದರು. ‘ಕಂಪ್ಯೂಟರ್ ಕತೆಗೆ ನಮ್ಮಪ್ಪನ ಎಮ್ಮೆ ಯಾಕ್ರೀ?’)

ಈಗ ತಪ್ಪಿನ ವಿಷಯ. ಈ ತಪ್ಪನ್ನು ದೊಡ್ಡ ಊರಿನ ದೊಡ್ಡ ಎಂಜಿನಿಯರು ಮಾಡಲಾರ. ಇದಕ್ಕೆ ಹೆತ್ತೂರಿನಲ್ಲೇ ಹುಟ್ಟಿರಬೇಕು.

ನಮ್ಮಲ್ಲಿ ಮೊದಲ ಗುಡುಗು ಕೇಳಿದ ಕೂಡಲೇ ಜನ ಏನು ಮಾಡುತ್ತಾರೆ? ಓಡಿ ಹೋಗಿ ವೈರು ಕೀಳುತ್ತಾರೆ. ಟೀವಿ ವೈರು, ಫೋನಿನ ವೈರು, ಫ್ರಿಜ್ಜು ಇದ್ದರೆ ಅದರದ್ದೂ. ಸಿಡಿಲು ವೈರಿನಲ್ಲೇ ಮನೆಯೊಳಗೆ ಬರುತ್ತದೆ. ಅದನ್ನು ಒಂದು ಸಲ ಕಂಡವರು ಯೋಚನೆ ಮಾಡುತ್ತಾ ನಿಲ್ಲುವುದಿಲ್ಲ. ಅನ್ನ ಕಲಸುತ್ತಿದ್ದ ಕೈ ಹಾಗೇ ಹೋಗಿ ಕಿತ್ತು ಬರುತ್ತದೆ, ಆಮೇಲೆ ತುತ್ತು. ಗಂಗಾಮಣಿಯವರ ಕೈಯೂ ಅಂಥದ್ದೇ. ಬರೀ ಕರೆಂಟು ಹೋದ ದಿನ ಯುಪಿಎಸ್ಸಿನ ಕೀಂ ಕೀಂ ಕೇಳಿ ಸಮಾಧಾನವಾಗಿ ಶಟ್‌ಡೌನ್ ಒತ್ತುತ್ತಿದ್ದರು. ಗುಡುಗಿದ ದಿನ ಮಾತ್ರ ಗೋಡೆಯ ಪ್ಲಗ್ಗು, ಯುಪಿಎಸ್ಸಿನ ವೈರು, ಪ್ರಿಂಟರಿನ ವೈರು, ಎಲ್ಲವನ್ನೂ ಕಣ್ಣು ಮಿಟುಕಿಸುವಷ್ಟರಲ್ಲಿ ಕಿತ್ತು ನೆಲಕ್ಕೆ ಹಾಕುತ್ತಿದ್ದರು. ಕಂಪ್ಯೂಟರಿಗೆ ‘ಬರ್ತೀನಿ’ ಎನ್ನಲು ಸಮಯವೇ ಇರುತ್ತಿರಲಿಲ್ಲ.

ಆಫ್ ಆಗುವಾಗ ಮಾಡಬೇಕಾದ ಕೆಲಸ ಆಗಲಿಲ್ಲ. ಮಾರನೇ ಬೆಳಿಗ್ಗೆ ಏಳುವಾಗ ಮಾಡಬೇಕಾದ ಕೆಲಸ ಮಾತ್ರ ಚೆನ್ನಾಗಿ ಆಯಿತು: ನಿನ್ನೆಯ ಹಾಳೆಯ ಮೇಲೆ ಇವತ್ತಿನ ಖಾಲಿ ಹಾಳೆ ಬಂದು ಕೂತಿತು. ನಿನ್ನೆ ಟೈಪ್ ಮಾಡಿದ್ದು ಮಾಯ.

ಹೂಮಳೆ ಒಂದೇ ದಿನಕ್ಕೆ ಬಂದು ಹೋಗುವ ನೆಂಟನೂ ಅಲ್ಲ. ಇವತ್ತು ಮಧ್ಯಾಹ್ನ ಗುಡುಗಿ ಸುರಿದರೆ ನಾಳೆಯೂ, ನಾಡಿದ್ದೂ ಗುಡುಗುತ್ತದೆ. ಇವತ್ತಿನ ಮಳೆಯನ್ನು ಅಳೆಯುವುದು ನಾಳೆ ಬೆಳಿಗ್ಗೆ, ಟೈಪ್ ಮಾಡುವುದು ನಾಳೆ ಹತ್ತು ಗಂಟೆಗೆ, ಮತ್ತೆ ಗುಡುಗಿ ವೈರು ಕೀಳುವುದು ನಾಳೆ ಮೂರಕ್ಕೆ. ಹೀಗೆ ಮಾರ್ಚ್‌ನಿಂದ ಮೇವರೆಗೆ ಒಂಬತ್ತು ದಿನದ ಲೆಕ್ಕ ಹೋಯಿತು. ವರ್ಷದಲ್ಲಿ ಯಾವ ಒಂಬತ್ತು ದಿನಕ್ಕಾಗಿ ಇಡೀ ಹೋಬಳಿ ಆಕಾಶ ನೋಡುತ್ತದೋ, ಅದೇ ಒಂಬತ್ತು. ಆ ಸಂಜೆಗಳಲ್ಲಿ ನೋಟಿಸ್ ಬೋರ್ಡಿನಲ್ಲಿ ಹಾಳೆ ಇರಲಿಲ್ಲ ನಿಜ, ಆದರೆ ಗುಡುಗಿನ ದಿನ ಯಾರು ತಾನೆ ಪ್ರಿಂಟು ಕಾಯುತ್ತಾರೆ?

೫ (ಕರಡು. ಇದು ನಿಲ್ಲುವುದಿಲ್ಲ ಎಂದು ಈಗಲೇ ಹೇಳಿಬಿಡುತ್ತೇನೆ.)

ಮೇ ತಿಂಗಳ ಕೊನೆಯ ಶನಿವಾರ ವಾರ್ಷಿಕ ಸಭೆ. ಶಾಂತಮಲ್ಲಪ್ಪನವರು ಕನ್ನಡಕ ಏರಿಸಿ ಕಂಪ್ಯೂಟರಿನ ಪಟ್ಟಿ ಓದಿದರು: ‘ಮಾರ್ಚ್ ತಿಂಗಳು, ಆಫೀಸಿನ ಮಳೆ, ಒಟ್ಟು ನಾಲ್ಕು ಸೆಂಟು.’ ಸಭೆ ಘೊಳ್ಳೆಂದಿತು. ಎಲ್ಲರ ತೋಟದಲ್ಲೂ ಹೂ ಬಿಟ್ಟು, ಕಾಯಿ ಕಚ್ಚಿ ಆಗಿದೆ. ಕಂಪ್ಯೂಟರಿನ ಪ್ರಕಾರ ಮಳೆಯೇ ಬಂದಿಲ್ಲ! ಗಂಗಾಮಣಿ ತಲೆ ತಗ್ಗಿಸಿ...

‘ತಗೀರಿ ಅದನ್ನ.’

ತೆಗೆಯುವುದೇ? ಎಂಥ ಸನ್ನಿವೇಶ! ಸಭೆ, ನಗು, ಅವಮಾನ!

‘ನಂಗೆ ಶುಕ್ರವಾರ ಹನ್ನೊಂದು ಗಂಟೆಗೇ ಗೊತ್ತಾಯ್ತು. ಪಟ್ಟಿನ ಅಧ್ಯಕ್ಷರ ಕೈಗೆ ಕೊಡೋಕೆ ಮುಂಚೆ ನೋಡ್ದೆ ಇರ್ತೀನಾ? ತಪ್ಪು ಮಾಡ್ದೆ ಅಂತ ಬರೀರಿ, ಬ್ಯಾಡ ಅನ್ನಲ್ಲ. ಬೇಜವಾಬ್ದಾರಿ ಅಂತ ಬರ್ದ್ರೆ ಮಾತ್ರ ಬುಡಲ್ಲ.’

ಸರಿ. ಶುಕ್ರವಾರ ಹನ್ನೊಂದು ಗಂಟೆ.

೫ (ಇದು ನಿಲ್ಲುತ್ತದೆ)

ಪಟ್ಟಿಯಲ್ಲಿ ಒಂಬತ್ತು ದಿನ ಇರಲಿಲ್ಲ. ಗಂಗಾಮಣಿ ಕುರ್ಚಿಯ ತುದಿಗೆ ಸರಿದು ಮತ್ತೊಮ್ಮೆ ಎಣಿಸಿದರು. ಕಾರಣ ಹೊಳೆಯಲು ಹತ್ತು ನಿಮಿಷ ಸಾಕಾಯಿತು, ಯಾಕೆಂದರೆ ತಮ್ಮ ಸ್ಕ್ರಿಪ್ಟು ಅವರಿಗೆ ಬಾಯಿಪಾಠವಾಗಿತ್ತು. ಕಾಲಬುಡದಲ್ಲಿ ಬಿದ್ದಿದ್ದ ವೈರುಗಳನ್ನು ನೋಡಿದರು. ನಂತರ ತಮ್ಮ ಕೈಯನ್ನು ನೋಡಿಕೊಂಡರು.

ಎಸ್ಟೇಟುಗಳಿಗೆ ಫೋನ್ ಮಾಡಿದರು. ಅವರವರ ಲೆಕ್ಕ ಅವರವರ ಡೈರಿಯಲ್ಲಿತ್ತು, ಇಪ್ಪತ್ತಾರೂ ವಾಪಸ್ ಸಿಕ್ಕಿತು. ಸಿಗದಿದ್ದದ್ದು ಒಂದೇ, ಆಫೀಸಿನ ಮಳೆಮಾಪಕದ್ದು. ಅದನ್ನು ಅಳೆದವರು ಗಂಗಾಮಣಿ, ಟೈಪ್ ಮಾಡಿದವರು ಗಂಗಾಮಣಿ, ಬೇರೆಲ್ಲೂ ಬರೆದಿಟ್ಟಿರಲಿಲ್ಲ. ೧೯೬೧ರಿಂದ ಒಂದು ದಿನವೂ ತಪ್ಪದ ಲೆಕ್ಕ ಅವರ ಕೈಯಲ್ಲಿ ತಪ್ಪಿತ್ತು, ಅದೂ ಅವರು ಎಲ್ಲಕ್ಕಿಂತ ಹೆಚ್ಚು ಹೆಮ್ಮೆಪಟ್ಟ ಕೆಲಸದಿಂದ.

ಅಧ್ಯಕ್ಷರಿಗೆ ಫೋನ್ ಮಾಡಿ ಹೇಳಿದರು.

‘ಅಯ್ಯೋ, ಅಷ್ಟಕ್ಕೆ ಯಾಕೆ ತಲೆ ಕೆಡಿಸ್ಕತೀರಿ?’ ಎಂದರು ಶಾಂತಮಲ್ಲಪ್ಪನವರು. ‘ಅಕ್ಕಪಕ್ಕದ ತೋಟದ್ದು ನೋಡಿ, ಮಧ್ಯಕ್ಕೊಂದು ಅಂದಾಜು ಹಾಕ್ಬುಡಿ. ಯಾರು ಬಂದು ನೋಡ್ತಾರೆ?’

‘ಈ ಗುಡ್ಡಕ್ಕೆ ಬಿದ್ದಿದ್ದು ಆ ಗುಡ್ಡಕ್ಕೆ ಬೀಳಲ್ಲ, ಅಧ್ಯಕ್ಷ್ರೇ.’

‘ಹೌದು ಕಣ್ರೀ. ಅದಕ್ಕೇ ಯಾರೂ ಕೇಳಲ್ಲ ಅಂದಿದ್ದು.’

ನಾನೂ ನಡುವೆ ಬಾಯಿ ಹಾಕಿದೆ. ಲೇಖಕನಾಗಿ ನನ್ನ ಹತ್ತಿರ ಒಂದು ಒಳ್ಳೆಯ ಮುಕ್ತಾಯ ಇತ್ತು.

ಮುಕ್ತಾಯ ‘ಅ’: ಸಂಜೆ ರಾಮಯ್ಯನವರು ಬರುತ್ತಾರೆ. ಅಂಗಿ ಜೇಬಿನಿಂದ ಒಂದು ಚಿಕ್ಕ ಪುಸ್ತಕ ತೆಗೆಯುತ್ತಾರೆ. ನಿವೃತ್ತರಾದ ಮೇಲೂ, ಯಾರಿಗೂ ಹೇಳದೆ, ದಿನಾ ಬೆಳಿಗ್ಗೆ ಬಂದು ಅದೇ ಮಳೆಮಾಪಕ ನೋಡಿ ಬರೆದಿಟ್ಟುಕೊಂಡಿದ್ದಾರೆ! ಒಂಬತ್ತೂ ದಿನದ ಲೆಕ್ಕ ನೀಲಿ ಶಾಯಿಯಲ್ಲಿದೆ. ಇಬ್ಬರ ಕಣ್ಣೂ ತುಂಬುತ್ತವೆ.

‘ಬರೀ ಸುಳ್ಳು,’ ಎಂದರು ರಾಮಯ್ಯ. ಅವರು ಈ ಕಥೆಗೆ ಇನ್ನೂ ಬಂದೇ ಇರಲಿಲ್ಲ, ಇದನ್ನು ಹೇಳಲೆಂದೇ ಬಂದರು. ‘ರಿಟೈರ್ ಆದ್ಮೇಲೆ ನಾನು ಮಳೆ ಅಳ್ದಿಲ್ಲ ಕಣಯ್ಯ. ನೆನ್ದಿದ್ದೀನಿ, ಅಷ್ಟೆ.’

(ಎಪ್ಪತ್ತನಾಲ್ಕು ವರ್ಷದವರು, ನನ್ನನ್ನು ‘ಕಣಯ್ಯ’ ಎನ್ನಬಹುದು. ಮುಕ್ತಾಯ ‘ಅ’ ರದ್ದು.)

ಮುಕ್ತಾಯ ‘ಆ’ ಅಧ್ಯಕ್ಷರು ಹೇಳಿದ್ದೇ. ಅಂದಾಜು ಹಾಕುವುದು. ನಾನು ಗಂಗಾಮಣಿಯವರನ್ನು ಮೆಲ್ಲಗೆ ಪುಸಲಾಯಿಸಿದೆ. ನಿಮಗೆ ಒಂದಿಷ್ಟಾದರೂ ನೆನಪಿರಬೇಕಲ್ಲ? ಆ ದೊಡ್ಡ ಮಳೆ?

‘ಏಪ್ರಿಲ್ ಏಳೋ ಎಂಟೋ. ಒಂದು ಇಂಚು ಹತ್ತು ಸೆಂಟೋ, ಹದಿನೆಂಟೋ.’

ಹಾಗಾದರೆ ಬರೆಯಿರಿ, ಹದಿನಾಲ್ಕು.

‘ನಾನೇನು ಕತೆ ಬರೀತಿದ್ದೀನಾ?’ ಎಂದರು ಅವರು.

ಅವರು ಬೀರು ತೆಗೆದು ಕೈಬರಹದ ರಿಜಿಸ್ಟರ್ ಹೊರಗೆ ಎಳೆದರು. ಅಧ್ಯಕ್ಷರು ಮತ್ತೆ ಫೋನ್ ಮಾಡುವುದಕ್ಕೆ ಮುಂಚೆ, ನಾನು ಇನ್ನೊಂದು ಮುಕ್ತಾಯ ಹೊಸೆಯುವುದಕ್ಕೆ ಮುಂಚೆ, ಇಂಕಿನ ಪೆನ್ನು ಹಿಡಿದು ಆ ಒಂಬತ್ತು ತಾರೀಖುಗಳನ್ನು ಹಾಕಿ, ಪ್ರತಿಯೊಂದರ ಮುಂದೆಯೂ ಒಂದೇ ಮಾತು ಬರೆದರು. ‘ಅಳೆದೆ. ಉಳಿಸಲಿಲ್ಲ. – ಗಂಗಾಮಣಿ.’ ಒಂಬತ್ತು ಸಲ ಬರೆದರು, ಒಂಬತ್ತು ಸಲ ಸಹಿ ಹಾಕಿದರು. ‘ಮೇಲಿನಂತೆ’ ಎಂದು ಗೀಟು ಎಳೆಯಲಿಲ್ಲ.

೬

ಶಾಯಿ ಒಣಗಿದ ಮೇಲೆ ನಿಖತ್‌ಗೆ ಫೋನ್ ಹೋಯಿತು.

‘ಅಕ್ಕಾ, ಒಂದು ಕೆಲ್ಸ ಮಾಡಿ. ಗುಡುಗಿದಾಗ ಇನ್ನು ಮೇಲೆ ವೈರ್ ಕೀಳ್ಬೇಡಿ, ಶಟ್‌ಡೌನ್ ಆಗೋವರೆಗೆ ಕಾಯಿರಿ.’

‘ಆಗಲ್ಲ ಮೇಡಂ. ಈ ಕೈ ನನ್ನ ಮಾತು ಕೇಳಲ್ಲ. ನಾಳೆ ನಾನಿಲ್ಲ ಅಂದ್ರೂ ಬೇರೆಯವ್ರ ಕೈ ಕೇಳಲ್ಲ. ಮನುಷ್ಯರನ್ನ ಬದಲಾಯ್ಸೋದು ಬ್ಯಾಡ, ಮಿಷನ್ನಿಗೆ ಏನು ಹೇಳ್ಬೋದು ಅಂತ ಹೇಳಿ.’

ಆ ಕಡೆಯಿಂದ ನಿಖತ್ ‘ಇಫ್ ಎಕ್ಸಿಸ್ಟ್ ನೆನಪಿದೆಯಾ ಅಕ್ಕಾ?’ ಎಂದಳು. ಆ ಹೆಸರಿನ ಹಾಳೆ ಅಲ್ಲಿ ಇದ್ದರೆ ಹೀಗೆ ಮಾಡು, ಇಲ್ಲದಿದ್ದರೆ ಬಿಡು, ಎಂದು ಕಂಪ್ಯೂಟರಿಗೆ ಹೇಳುವ ಮಾತು ಅದು.

ಗಂಗಾಮಣಿಯವರಿಗೆ ಅಷ್ಟೇ ಸಾಕಾಗಿತ್ತು. ಮೂರು ಗಂಟೆಯ ಹೊತ್ತಿಗೆ ಹೊಸ ಸ್ಕ್ರಿಪ್ಟು ತಯಾರಾಯಿತು. ಸಂಜೆ ಸರಿಯಾಗಿ ಆಫ್ ಆದರೆ ‘ಇಂದು’ ಹಾಳೆ ವರ್ಷದ ಕಡತಕ್ಕೆ ಸೇರಿ, ಪ್ರಿಂಟಾಗಿ, ತಾನು ಅಳಿಸಿಹೋಗುತ್ತದೆ. ಬೆಳಿಗ್ಗೆ ಏಳುವಾಗ ಆ ಹಾಳೆ ಇನ್ನೂ ಅಲ್ಲೇ ಇದೆ ಎಂದರೆ ನಿನ್ನೆ ಯಾರೋ ವೈರು ಕಿತ್ತಿದ್ದಾರೆ ಎಂದು ಅರ್ಥ. ಆಗ ಮೊದಲು ನಿನ್ನೆಯ ಬಾಕಿ ಕೆಲಸ ಮುಗಿಸು, ಆಮೇಲೆ ಖಾಲಿ ಹಾಳೆ ತೆಗೆ. ಇಡೀ ಬುದ್ಧಿವಂತಿಕೆ ಆರು ಸಾಲಿನದು. ಈ ಕಥೆಗಿಂತ ಎಷ್ಟೋ ಚಿಕ್ಕದು, ಎಷ್ಟೋ ಗಟ್ಟಿ.

ಐದು ಗಂಟೆಗೆ ರಾಮಯ್ಯ ಎಂದಿನಂತೆ ಹಿಂದಿನ ದಿನದ ಹಾಳೆ ಓದಲು ನೋಟಿಸ್ ಬೋರ್ಡಿನ ಹತ್ತಿರ ಬಂದರು. ಗಂಗಾಮಣಿ ಹೊರಗೆ ಹೋಗಿ ನಿಂತರು. ಇಡೀ ದಿನದಲ್ಲಿ ಅವರಿಗೆ ಭಯವಾದದ್ದು ಇದೊಂದಕ್ಕೇ.

‘ರೈಟ್ರೇ, ಒಂಬತ್ತು ದಿನ ತಪ್ಪಿಸ್ಬುಟ್ಟೆ.’

ಎಲ್ಲವನ್ನೂ ಹೇಳಿದರು. ರಿಜಿಸ್ಟರಿನಲ್ಲಿ ಏನು ಬರೆದೆ ಎಂಬುದನ್ನೂ ಹೇಳಿದರು. ರಾಮಯ್ಯ ಕೊಡೆಯ ಹಿಡಿಯನ್ನು ತಿರುಗಿಸುತ್ತಾ ಕೇಳಿಸಿಕೊಂಡರು. ಬಯ್ಯಲಿಲ್ಲ. ‘ಹೋಗ್ಲಿ ಬುಡು’ ಎನ್ನಲೂ ಇಲ್ಲ. ಹಾಳೆ ಓದದೆ ಹಾಗೇ ತಿರುಗಿ ರಸ್ತೆಗೆ ಇಳಿದು ಹೊರಟುಹೋದರು. ಗಂಗಾಮಣಿಯವರಿಗೆ ಅಳು ಬಂತು. ಅಳಲಿಲ್ಲ ಎಂದು ಬರೆಯಲು ಹೇಳಿದ್ದಾರೆ, ಆದರೆ ನಾನು ನೋಡಿದ್ದೇನೆ.

೭

ಶನಿವಾರದ ಸಭೆಗೆ ಅರವತ್ತು ಜನ ಬಂದಿದ್ದರು. ಗಂಗಾಮಣಿ ಎದ್ದು ನಿಂತು ತಾವೇ ಹೇಳಿದರು, ಯಾರೂ ಕೇಳುವ ಮುಂಚೆ. ಗಲಾಟೆಯಾಯಿತು. ನಲವತ್ತೆರಡು ವರ್ಷದ ಹೆಸರು ಹೋಯಿತು ಎಂದರು ಒಬ್ಬರು. ಆ ಡಬ್ಬ ವಾಪಸ್ ಕಳಿಸಿ ಎಂದರು ಇನ್ನೊಬ್ಬರು. ‘ರಾಮಯ್ಯನೋರ ಕಾಲದಲ್ಲಿ ಒಂದು ದಿನ ತಪ್ಪಿತ್ತೇನ್ರೀ?’ ಎಂದು ಯಾರೋ ಹಿಂದಿನಿಂದ ಕೂಗಿದರು. ಮುಂದಿನ ಸಾಲಿನಲ್ಲಿ ಕೂತಿದ್ದ ರಾಮಯ್ಯ ತಲೆ ಎತ್ತಲಿಲ್ಲ.

‘ಮಿಷನ್ನು ತಪ್ಪು ಮಾಡಿಲ್ಲ,’ ಎಂದರು ಗಂಗಾಮಣಿ. ‘ನಾನು ಹೇಳಿದ್ದನ್ನ ಮಾಡೈತೆ. ನಾನು ಹೇಳಿದ್ದು ತಪ್ಪು. ಈಗ ಸರಿಯಾಗಿ ಹೇಳಿದ್ದೀನಿ. ನೋಡ್ತೀರಾ?’

ಕಂಪ್ಯೂಟರನ್ನು ಮೇಜಿನ ಸಮೇತ ಸಭೆಯ ಮುಂದಕ್ಕೆ ತಂದಿದ್ದರು. ಆ ಬೆಳಗಿನ ಲೆಕ್ಕ ಟೈಪ್ ಮಾಡಿದರು: ಆಫೀಸು, ಇಪ್ಪತ್ತೆರಡು ಸೆಂಟು. ಉಳಿಸಿದರು. ಆಮೇಲೆ, ಆಕಾಶದಲ್ಲಿ ಒಂದು ಮೋಡವೂ ಇಲ್ಲದ ನಡುಮಧ್ಯಾಹ್ನ, ಅರವತ್ತು ಜನರ ಎದುರಿಗೆ, ಬಗ್ಗಿ ಎಲ್ಲ ವೈರನ್ನೂ ಒಟ್ಟಿಗೆ ಕಿತ್ತರು.

ಪರದೆ ಕಪ್ಪಾಯಿತು. ‘ಅಯ್ಯಯ್ಯೋ!’ ಎಂದು ಶಾಂತಮಲ್ಲಪ್ಪನವರು ಅರ್ಧ ಎದ್ದರು. ಸಂಘದ ಆಸ್ತಿ, ಪಾಪ.

ಗಂಗಾಮಣಿ ಹತ್ತು ಎಣಿಸಿ ವೈರುಗಳನ್ನು ಮತ್ತೆ ಸಿಕ್ಕಿಸಿದರು. ಕಂಪ್ಯೂಟರು ಎದ್ದಿತು, ತನ್ನ ಸಮಯ ತೆಗೆದುಕೊಂಡಿತು. ಹಳೆಯ ಮಿಷನ್ನು, ಎರಡು ನಿಮಿಷ ಬೇಕು. ಆ ಎರಡು ನಿಮಿಷ ಇಡೀ ಹೋಬಳಿ ಉಸಿರು ಬಿಗಿಹಿಡಿದು ಒಂದು ಕಪ್ಪು ಪರದೆ ನೋಡಿತು. ಯಾರೂ ಏನೂ ಮುಟ್ಟಲಿಲ್ಲ. ಗಂಗಾಮಣಿ ಸೆರಗಿನ ಮೇಲೆ ಎರಡೂ ಕೈ ಕಟ್ಟಿ ದೂರ ನಿಂತಿದ್ದರು.

ಪ್ರಿಂಟರು ಕರ್‌ಕರ್ ಎಂದಿತು.

ಶಾಂತಮಲ್ಲಪ್ಪನವರೇ ಹೋಗಿ ಹಾಳೆ ಹರಿದು, ತೋಳುದ್ದ ಹಿಡಿದು, ಓದಿದರು. ‘ಆಫೀಸು. ಇಪ್ಪತ್ತೆರಡು ಸೆಂಟು.’ ಇನ್ನೊಂದು ಸಲ ಓದಿದರು. ‘ಐತೆ ಕಣ್ರೀ! ಇಲ್ಲೇ ಐತೆ!’

ಚಪ್ಪಾಳೆ ಬಿತ್ತು. ಇದನ್ನು ನಾನು ಸೇರಿಸಿದ್ದಲ್ಲ. ಕಂಪ್ಯೂಟರು ಉಳಿಯಿತು, ಕೈಬರಹವೂ ಜೊತೆಗೆ ಇರಲಿ ಎಂದು ತೀರ್ಮಾನವಾಯಿತು. ಗಂಗಾಮಣಿ ಅದಕ್ಕೂ ಒಪ್ಪಿದರು. ನಮ್ಮ ಹೆತ್ತೂರಿನ ಹೆಂಗಸೊಬ್ಬರು, ನಮ್ಮ ಗುಡುಗಿಗೆ, ನಮ್ಮ ಕೈಯ ಅಭ್ಯಾಸಕ್ಕೆ ಹೊಂದುವ ಹಾಗೆ ಒಂದು ಯಂತ್ರಕ್ಕೆ ಪಾಠ ಹೇಳಿದ್ದರು. ನನಗೆ ಎದ್ದು ನಿಂತು ಕೂಗಬೇಕೆನಿಸಿತು.

ಇಲ್ಲಿಗೆ ಮುಗಿಸಿಬಿಡೋಣ ಎಂದುಕೊಂಡೆ. ಮುಕ್ತಾಯ ‘ಇ’. ಚಪ್ಪಾಳೆಯ ಮೇಲೆ ಪರದೆ. ಆದರೆ ಗಂಗಾಮಣಿ ನನ್ನ ಮಾತು ಕೇಳುತ್ತಿರಲಿಲ್ಲ. ಅವರು ಮುಂದಿನ ಸಾಲಿನ ಒಂದು ಖಾಲಿ ಕುರ್ಚಿ ನೋಡುತ್ತಿದ್ದರು. ಚಪ್ಪಾಳೆಯ ನಡುವೆ ರಾಮಯ್ಯ ಎದ್ದು ಹೋಗಿದ್ದರು.

೮

ಸೋಮವಾರ ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ ರಾಮಯ್ಯ ಆಫೀಸಿಗೆ ಬಂದರು. ನೋಟಿಸ್ ಬೋರ್ಡಿನ ಹತ್ತಿರ ನಿಲ್ಲದೆ ಸೀದಾ ಒಳಗೇ ಬಂದರು. ಜೇಬಿನಲ್ಲಿ ಅವರ ಹಳೆಯ ಪೆನ್ನಿತ್ತು.

‘ನನ್ನ ಪುಸ್ತಕಗಳನ್ನ ತೆಗಿಯಮ್ಮ ಒಸಿ.’

‘ಯಾವ್ದು ರೈಟ್ರೇ?’

‘ಎಲ್ಲಾನೂ. ಅರವತ್ತೊಂದರಿಂದ.’

ಗಂಗಾಮಣಿ ತೆಗೆದರು. ರಾಮಯ್ಯ ಕಿಟಕಿಯ ಹತ್ತಿರದ ಮೇಜಿಗೆ ಕೂತು ಮೊದಲ ರಿಜಿಸ್ಟರ್ ತೆರೆದರು. ತುಂಬ ಹೊತ್ತು ಪುಟ ತಿರುಗಿಸಿದರು. ಆಮೇಲೆ ಒಂದು ಸಾಲಿನ ಮೇಲೆ ಬೆರಳಿಟ್ಟು, ತಲೆ ಎತ್ತದೆ ಮಾತಾಡಿದರು.

‘ಇದು ನನ್ನ ಮದ್ವೆ ದಿನ. ಮದ್ವೆ ಆಗಿದ್ದು ಆಲೂರಲ್ಲಿ. ಹನ್ನೆರಡು ಸೆಂಟು ಅಂತ ಬರ್ದೀನಿ.’

ಗಂಗಾಮಣಿ ಹತ್ತಿರ ಬಂದು ಆ ಸಾಲು ಓದಿದರು.

‘ಮೂರು ದಿನ ಆಲೂರಲ್ಲೇ ಇದ್ದೆ. ಬಂದು ಮೂರೂ ದಿನದ್ದು ತುಂಬ್ಸಿದೆ. ಅಂದಾಜಿಗೆ. ಆಮೇಲೆ ಜ್ವರ ಬಂದಾಗ ಒಂದ್ಸಲ. ಆಮೇಲೆ...’ ಅವರು ಪುಟವನ್ನು ಅಂಗೈಯಿಂದ ಸವರಿದರು. ‘ಒಂದು ದಿನಾನೂ ತಪ್ಪಿಲ್ಲ ಅಂತ ಜನ ಅನ್ನೋಕೆ ಶುರು ಮಾಡಿದ್ರು ನೋಡು, ಆಮೇಲೆ ತಪ್ಪಿಸೋಕೇ ಧೈರ್ಯ ಬರಲಿಲ್ಲ.’

(ಇಲ್ಲಿ ರಾಮಯ್ಯ ನನ್ನ ಕಡೆ ನೋಡಿದರು. ಇದನ್ನು ತೆಗೆದುಬಿಡಲೇ ಎಂದು ನಾನು ಕೇಳಿದೆ. ನನಗೂ ಈ ಹೋಬಳಿಯ ಹೆಸರಿನ ಮೇಲೆ ಆಸೆ ಇದೆ, ಎರಡನೇ ಅಧ್ಯಾಯದಲ್ಲಿ ಅಷ್ಟು ಕೊಚ್ಚಿಕೊಂಡಿದ್ದೇನೆ. ‘ಇರ್ಲಿ,’ ಎಂದರು. ‘ಆ ಹೆಣ್ಮಗಳು ಅರವತ್ತು ಜನದ ಮುಂದೆ ಹೇಳಿದ್ಲು.’)

‘ನೀನು ಏನಂತ ಬರ್ದೆ ಅವತ್ತು? ಇನ್ನೊಂದ್ಸಲ ಹೇಳು.’

‘ಅಳೆದೆ, ಉಳಿಸಲಿಲ್ಲ ಅಂತ.’

ರಾಮಯ್ಯ ಪೆನ್ನಿನ ಮುಚ್ಚಳ ತೆಗೆದರು. ಹನ್ನೆರಡು ಸೆಂಟನ್ನು ಅವರು ಹೊಡೆದು ಹಾಕಲಿಲ್ಲ. ಅದರ ಪಕ್ಕದಲ್ಲಿ, ಅದೇ ದುಂಡು ಅಕ್ಷರದಲ್ಲಿ, ನಿಧಾನವಾಗಿ ಬರೆದರು. ‘ಅಳೆಯಲಿಲ್ಲ. ಬರೆದೆ. – ರಾಮಯ್ಯ.’

ಗಂಗಾಮಣಿಯವರಿಗೆ ಈ ಸಲ ಬಂದದ್ದು ಅಳುವಲ್ಲ. ಶನಿವಾರದ ಚಪ್ಪಾಳೆಯಲ್ಲೂ ಅವರಿಗೆ ಇಷ್ಟು ಹೆಮ್ಮೆಯಾಗಿರಲಿಲ್ಲ, ಮತ್ತು ಆ ಹೆಮ್ಮೆ ತಮ್ಮ ಬಗ್ಗೆ ಅಲ್ಲ ಎನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ನನ್ನ ಸ್ಥಿತಿ ಕೇಳಬೇಡಿ. ಹನ್ನೊಂದು ಪುಸ್ತಕ ನನ್ನ ಬೆನ್ನ ಹಿಂದಿನ ಕಪಾಟಿನಲ್ಲಿವೆ, ಒಂದರ ಮುಂದೆಯೂ ನಾನು ಅಂಥ ಸಹಿ ಹಾಕಿಲ್ಲ.

ಒಟ್ಟು ಎಷ್ಟು ದಿನ ಎಂದು ನೀವು ಕೇಳುತ್ತೀರಿ. ನನಗೆ ಗೊತ್ತಿಲ್ಲ. ಗೊತ್ತಿದ್ದರೂ ಹೇಳುವುದಿಲ್ಲ, ಅಂದಾಜು ಹಾಕಿ ಹೇಳುವುದಂತೂ ಇಲ್ಲವೇ ಇಲ್ಲ. ನಾನು ಕೊನೆಯ ಸಲ ನೋಡಿದಾಗ ಅವರು ಇನ್ನೂ ಪುಟ ತಿರುಗಿಸುತ್ತಿದ್ದರು. ಐದೂವರೆಯಾಗಿತ್ತು. ಕಂಪ್ಯೂಟರು ಆನ್ ಆಗಿಯೇ ಇತ್ತು, ಗಂಗಾಮಣಿ ಶಟ್‌ಡೌನ್ ಒತ್ತಿರಲಿಲ್ಲ.

‘ನಾನಿನ್ನೂ ಅರವತ್ತೆಂಟರಲ್ಲಿದ್ದೀನಿ,’ ಎಂದರು ರಾಮಯ್ಯ. ‘ನೀನು ಹೊರಡಮ್ಮ, ಬಸ್ಸು ಹೋಗ್ಬುಡ್ತೈತೆ.’

‘ಹೋಗ್ಲಿ ಬುಡಿ, ರೈಟ್ರೇ,’ ಎಂದು ಗಂಗಾಮಣಿ ಅರವತ್ತೊಂಬತ್ತರ ರಿಜಿಸ್ಟರಿನ ಧೂಳು ಸೆರಗಿನಿಂದ ಒರೆಸಿ, ಅವರ ಕೈಗೆ ಸಿಗುವ ಹಾಗೆ ಇಟ್ಟರು.